ಕರಾವಳಿಯ ಬೇಸಿಗೆ ವಾರ: ಮುನ್ಸೂಚನೆಯಲ್ಲಿ ಏನು ನೋಡಬೇಕು, ಹೇಗೆ ನೋಡಬೇಕು

ಬೇಸಿಗೆಯಲ್ಲಿ ಕಡಲ ತೀರದ ಯಾವುದೇ ಊರಿನ ಹವಾಮಾನ ಆ್ಯಪ್ ತೆರೆಯಿರಿ. ಕಾಣುವುದು ಹೆಚ್ಚುಕಡಿಮೆ ಇಷ್ಟೇ: ಏಳು ದಿನ, ಏಳು ಸೂರ್ಯನ ಚಿತ್ರ, ಎಲ್ಲದರ ಕೆಳಗೂ 33 ಅಥವಾ 34. ವಾರವಿಡೀ ಒಂದೇ ಥರ ಇರುತ್ತದೆ ಅಂದುಕೊಂಡು ಫೋನ್ ಕೆಳಗಿಡುತ್ತೇವೆ. ಆಮೇಲೆ ನೋಡಿದರೆ ಮಂಗಳವಾರ ಮಧ್ಯಾಹ್ನ ಹಾಯಾಗಿ ಗಾಳಿ ಬೀಸುತ್ತದೆ, ಗುರುವಾರ ಅದೇ ಹೊತ್ತಿಗೆ ಮನೆಯೊಳಗೆ ಕೂರಲೂ ಆಗುವುದಿಲ್ಲ. ಎರಡೂ ದಿನ ಆ್ಯಪ್ ತೋರಿಸಿದ್ದು 33. ಅದು ಸುಳ್ಳು ಹೇಳಿಲ್ಲ. ಕರಾವಳಿಗೆ ಆ ಒಂದು ಅಂಕಿ ಸಾಲುವುದಿಲ್ಲ, ಅಷ್ಟೇ.

ಒಳನಾಡಿನಲ್ಲಿ ಗರಿಷ್ಠ ತಾಪಮಾನ ನೋಡಿದರೆ ದಿನ ಹೇಗಿರಬಹುದು ಅಂತ ಅಂದಾಜು ಸಿಗುತ್ತದೆ. ತೀರದಲ್ಲಿ ದಿನವನ್ನು ತೀರ್ಮಾನಿಸುವುದು ಬೇರೆ ಎರಡು ಸಂಗತಿ: ಗಾಳಿ ಯಾವ ಕಡೆಯಿಂದ ಬರುತ್ತಿದೆ, ಆ ಗಾಳಿಯಲ್ಲಿ ತೇವ ಎಷ್ಟಿದೆ. ವಾರದ ಶುರುವಿನಲ್ಲಿ ಸ್ವಲ್ಪ ಹೊತ್ತು ಕೂತು ಇವೆರಡನ್ನು ಮುಂದಿಟ್ಟುಕೊಂಡು ಮುನ್ಸೂಚನೆ ಓದುವ ಕ್ರಮ ಇಲ್ಲಿದೆ. ಯಾವ ದೇಶದ ಕರಾವಳಿಯಾದರೂ ಈ ಕ್ರಮ ನಡೆಯುತ್ತದೆ. ಅಂಕಿಗಳು ಮಾತ್ರ ಊರಿಗೆ ತಕ್ಕಂತೆ ಬದಲಾಗುತ್ತವೆ.

1. ಮೊದಲು ಜಾಗ ಸರಿಯಿದೆಯಾ ನೋಡಿ

ಹವಾಮಾನದ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಂಡು ಲೆಕ್ಕ ಹಾಕುತ್ತವೆ. ಇಡೀ ಜಗತ್ತಿಗೆ ಲೆಕ್ಕ ಹಾಕುವ ಹೆಸರಾಂತ ಮಾದರಿಗಳಲ್ಲೂ ಒಂದು ಚೌಕದ ಅಗಲ ಸುಮಾರು 9ರಿಂದ 13 ಕಿಲೋಮೀಟರ್. ಬಯಲುಸೀಮೆಯಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ. ಎಡವಟ್ಟಾಗುವುದು ತೀರದಲ್ಲಿ. ನಿಮ್ಮ ಮನೆ ಇರುವ ಚೌಕದಲ್ಲಿ ಬಹುಪಾಲು ನೀರೇ ಇದ್ದರೆ ಮಾದರಿ ಆ ಚೌಕವನ್ನು ಕಡಲು ಅಂತಲೇ ಹಿಡಿಯುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ಗರಿಷ್ಠ ಮತ್ತು ಕನಿಷ್ಠ ತಾಪಮಾನದ ನಡುವಿನ ಅಂತರ ನೋಡಿ. ಸುಡುಬಿಸಿಲಿನ ವಾರದಲ್ಲೂ ಪ್ರತಿದಿನ ಗರಿಷ್ಠ 30, ಕನಿಷ್ಠ 28 ಅಂತ ತೋರಿಸುತ್ತಿದ್ದರೆ ಅದು ನೀರಿನ ಮೇಲಿನ ಗಾಳಿಯ ಲೆಕ್ಕ. ಬಿಸಿಲು ಬಿದ್ದ ನೆಲದ ಮೇಲೆ ಅಂತರ ಅಷ್ಟು ಕಡಿಮೆ ಇರುವುದು ಅಪರೂಪ. ಆಗ ಊರಿನ ಹೆಸರು ಟೈಪ್ ಮಾಡುವುದು ಬಿಟ್ಟು, ಮ್ಯಾಪ್ ಮೇಲೆ ಬೆರಳಿಟ್ಟು ನಾಲ್ಕೈದು ಕಿಲೋಮೀಟರ್ ಒಳಗಿನ ಜಾಗ ಆರಿಸಿಕೊಳ್ಳಿ.

ಇನ್ನೂ ಒಳ್ಳೆಯದೆಂದರೆ ಎರಡು ಜಾಗ ಸೇವ್ ಮಾಡಿಕೊಳ್ಳುವುದು. ಒಂದು ತೀರದ್ದು, ಇನ್ನೊಂದು ಇಪ್ಪತ್ತು ಕಿಲೋಮೀಟರ್ ಒಳಗಿನದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಡಲಗಾಳಿ ಎಲ್ಲಿಯವರೆಗೆ ತಲುಪುತ್ತದೆ ಅನ್ನುವುದು ಗೊತ್ತಾಗುತ್ತದೆ. ತೀರದಲ್ಲಿ 32, ಒಳಗೆ 38 ಅಂತಿದ್ದರೆ ಗಾಳಿ ಅಲ್ಲಿಗೆ ಮುಟ್ಟುತ್ತಿಲ್ಲ ಅಂತ ಅರ್ಥ. ಮನೆ ತೀರದಲ್ಲಿದ್ದು ಕೆಲಸ ಒಳಗಿರುವವರಿಗೆ ಈ ಎರಡನೇ ಜಾಗವೇ ಮುಖ್ಯ.

2. ವಾರವನ್ನು ಮೂರು ತುಂಡು ಮಾಡಿ

ಏಳು ದಿನಗಳನ್ನೂ ಒಂದೇ ನಂಬಿಕೆಯಿಂದ ಓದಬಾರದು. ಮೊದಲ ಎರಡು ದಿನಕ್ಕೆ ಗಂಟೆಗಂಟೆಯ ವಿವರ ನೋಡಿ, ಅದು ಉಪಯೋಗಕ್ಕೆ ಬರುತ್ತದೆ. ಮೂರರಿಂದ ಐದನೇ ದಿನಕ್ಕೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅನ್ನುವಷ್ಟು ಸಾಕು. ಆರು ಮತ್ತು ಏಳನೇ ದಿನಕ್ಕೆ ಒಂದೇ ಪ್ರಶ್ನೆ: ಸೆಕೆ ಏರುವ ಕಡೆ ಹೋಗುತ್ತಿದೆಯೋ, ಇಳಿಯುವ ಕಡೆಯೋ? ಏಳನೇ ದಿನದ ಮಧ್ಯಾಹ್ನ 3 ಗಂಟೆಗೆ 34 ಡಿಗ್ರಿ ಅಂತ ಆ್ಯಪ್ ತೋರಿಸಿದರೆ ಅದು ಲೆಕ್ಕದಿಂದ ಹೊರಬಿದ್ದ ಒಂದು ಅಂಕಿ. ಅದರ ಮೇಲೆ ಮದುವೆಯ ಚಪ್ಪರ ಹಾಕಬೇಡಿ.

ಹಾಗಂತ ಮುನ್ಸೂಚನೆಯನ್ನು ಹಗುರವಾಗಿ ನೋಡುವುದೂ ಸರಿಯಲ್ಲ. ಕಳೆದ ನಾಲ್ಕೈದು ದಶಕಗಳಲ್ಲಿ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನದಂತೆ ಇದು ಸುಧಾರಿಸಿದೆ. ಹತ್ತು ವರ್ಷದ ಹಿಂದೆ ನಾಲ್ಕನೇ ದಿನದ ಮುನ್ಸೂಚನೆ ಎಷ್ಟು ಸರಿ ಇರುತ್ತಿತ್ತೋ, ಈಗ ಐದನೇ ದಿನದ್ದು ಅಷ್ಟು ಸರಿ ಇರುತ್ತದೆ. ಆದರೆ ಗಾಳಿಯ ಸ್ವಭಾವದಲ್ಲೇ ಒಂದು ಮಿತಿ ಇದೆ. ಆರಂಭದಲ್ಲಿ ಇರುವ ಸಣ್ಣ ವ್ಯತ್ಯಾಸ ದಿನ ಕಳೆದಂತೆ ಬೆಳೆಯುತ್ತಲೇ ಹೋಗುತ್ತದೆ ಎಂದು ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲೇ ತೋರಿಸಿದ್ದರು. ಅದಕ್ಕಾಗಿಯೇ ಹವಾಮಾನ ಕೇಂದ್ರಗಳು ಈಗ ಒಂದೇ ಲೆಕ್ಕಕ್ಕೆ ನಿಲ್ಲುವುದಿಲ್ಲ. ಆರಂಭವನ್ನು ಚೂರುಚೂರು ಬದಲಿಸಿ ಹತ್ತಾರು ಸಲ ಲೆಕ್ಕ ಹಾಕುತ್ತವೆ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ಇದನ್ನು 1992ರಿಂದ ಮಾಡುತ್ತಿದೆ. ಕೆಲವು ವೆಬ್‌ಸೈಟ್‌ಗಳಲ್ಲಿ ಈ ಎಲ್ಲ ಲೆಕ್ಕಗಳೂ ಎಳೆಎಳೆಯಾಗಿ ಒಂದೇ ಚಿತ್ರದಲ್ಲಿ ಸಿಗುತ್ತವೆ. ಎಳೆಗಳು ಒಟ್ಟಿಗೆ ಹೋಗುತ್ತಿದ್ದರೆ ನಂಬಬಹುದು. ಕೆದರಿದ ಕೂದಲಿನಂತೆ ಹರಡಿಕೊಂಡಿದ್ದರೆ ಆ ದಿನದ ಬಗ್ಗೆ ಇನ್ನೆರಡು ದಿನ ಬಿಟ್ಟು ಯೋಚಿಸಿ.

3. ಗಾಳಿಯ ದಿಕ್ಕು: ಇಲ್ಲೇ ಜಾಸ್ತಿ ಹೊತ್ತು ಕೊಡಿ

ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಒಂದು ಕಿಲೋ ಮರಳನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದ ನಾಲ್ಕೈದು ಪಟ್ಟು ಒಂದು ಕಿಲೋ ನೀರಿಗೆ ಬೇಕು. ಸಾಲದ್ದಕ್ಕೆ ಬಿಸಿಲು ನೀರಿನ ಆಳಕ್ಕೂ ಇಳಿಯುತ್ತದೆ, ಅಲೆಗಳು ಮೇಲಿನ ನೀರನ್ನು ಕಲಕುತ್ತಲೇ ಇರುತ್ತವೆ. ಹೀಗಾಗಿ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ನೆಲದ ಮೇಲಿನ ಗಾಳಿ ಕಾದು ಮೇಲೇಳುತ್ತದೆ. ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಇದೇ ಕಡಲಗಾಳಿ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಇದರ ಜೋರು ಹೆಚ್ಚು. ರಾತ್ರಿ ಇದು ತಿರುಗುಮುರುಗಾಗುತ್ತದೆ, ಆದರೆ ನೆಲಗಾಳಿಗೆ ಅಷ್ಟು ಬಲ ಇರುವುದಿಲ್ಲ.

ಕಡಲಗಾಳಿ ಯಾವ ಹೊತ್ತಿಗೆ ಬರುತ್ತದೆ ಅನ್ನುವುದೇ ತೀರದ ಊರಿನ ಆ ದಿನದ ಕಥೆ. ಅದನ್ನು ಹಿಡಿಯಬೇಕಾದರೆ ಗಂಟೆಗಂಟೆಯ ಮುನ್ಸೂಚನೆಯಲ್ಲಿ ತಾಪಮಾನದ ಪಕ್ಕದಲ್ಲೇ ಗಾಳಿಯ ದಿಕ್ಕನ್ನೂ ನೋಡಬೇಕು. ಕಡಲು ಪಶ್ಚಿಮಕ್ಕಿರುವ ಒಂದು ತೀರ ಅಂದುಕೊಳ್ಳೋಣ. ಮುನ್ಸೂಚನೆ ಹೀಗಿದೆ:

ಬೆಳಿಗ್ಗೆ 9: 30 ಡಿಗ್ರಿ, ಈಶಾನ್ಯದಿಂದ ಗಂಟೆಗೆ 8 ಕಿ.ಮೀ.
10: 32 ಡಿಗ್ರಿ, ಈಶಾನ್ಯದಿಂದ 6.
11: 33 ಡಿಗ್ರಿ, ವಾಯವ್ಯದಿಂದ 9.
12: 32 ಡಿಗ್ರಿ, ಪಶ್ಚಿಮದಿಂದ 15.
ಮಧ್ಯಾಹ್ನ 2: 32 ಡಿಗ್ರಿ, ಪಶ್ಚಿಮದಿಂದ 20.

ಹನ್ನೊಂದಕ್ಕೆ ದಿಕ್ಕು ತಿರುಗಿತು, ತಾಪಮಾನ ಅಲ್ಲಿಗೇ ನಿಂತಿತು. ಇದು ಒಳ್ಳೆಯ ದಿನ. ಇನ್ನೊಂದು ದಿನ ಅದೇ ಜಾಗದಲ್ಲಿ ಮಧ್ಯಾಹ್ನ 2ರವರೆಗೂ ಗಾಳಿ ಪೂರ್ವದಿಂದ 22 ಅಂತಿದ್ದು, ತಾಪಮಾನ 34, 36, 37 ಅಂತ ಏರುತ್ತಲೇ ಹೋಗಿ, ಪಶ್ಚಿಮ ಗಾಳಿ ನಾಲ್ಕಕ್ಕೆ ಬರುತ್ತದೆ. ಎರಡು ದಿನದ ನಡುವೆ ಇರುವ ವ್ಯತ್ಯಾಸ ಬಿಸಿಲಿನದಲ್ಲ, ಗಾಳಿ ಬಂದ ಹೊತ್ತಿನದು.

ಹೀಗೆ ತಡವಾಗುವುದಕ್ಕೆ ಕಾರಣ ಒಳನಾಡಿನಿಂದ ಕಡಲಿನ ಕಡೆ ಬೀಸುವ ದೊಡ್ಡ ಗಾಳಿ. ಅದು ಹಗುರವಾಗಿದ್ದರೆ ಕಡಲಗಾಳಿ ಅದನ್ನು ತಳ್ಳಿಕೊಂಡು ಒಳಗೆ ಬರುತ್ತದೆ. ಜೋರಾಗಿದ್ದರೆ ಮಧ್ಯಾಹ್ನ ಪೂರ್ತಿ ತೀರದಾಚೆಯೇ ತಡೆದು ನಿಲ್ಲಿಸುತ್ತದೆ. ಚೆನ್ನೈಯಲ್ಲಿ ಮೇ, ಜೂನ್ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವಾಗಿ ಇಂಥ ದಿನಗಳಲ್ಲೇ: ಒಳನಾಡಿನ ಪಶ್ಚಿಮ ಗಾಳಿ ಬಲವಾಗಿ, ಬಂಗಾಳ ಕೊಲ್ಲಿಯ ಗಾಳಿ ತಡವಾದ ದಿನ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕಡಲು ಪಶ್ಚಿಮಕ್ಕಿದೆ, ಅಲ್ಲಿ ಇದೇ ಆಟ ಉಲ್ಟಾ. ಅಲ್ಲಿನ ಮಧ್ಯಾಹ್ನದ ಕಡಲಗಾಳಿಯನ್ನು ಜನ ‘ಫ್ರೀಮ್ಯಾಂಟಲ್ ಡಾಕ್ಟರ್’ ಎಂದು ಕರೆಯುತ್ತಾರೆ. ಮರುಭೂಮಿಯ ಪೂರ್ವ ಗಾಳಿ ಜೋರಾದರೆ ಆ ಡಾಕ್ಟರು ತಡವಾಗಿ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ.

ತೀರದ ಹಿಂದೆ ಬೆಟ್ಟಸಾಲು ಇದ್ದರೆ ಇನ್ನೊಂದು ಸಂಗತಿ ಗಮನಿಸಬೇಕು. ಬೆಟ್ಟದಿಂದ ಕೆಳಗಿಳಿಯುವ ಒಣ ಗಾಳಿ ಪ್ರತಿ ಸಾವಿರ ಮೀಟರಿಗೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಘಟ್ಟದ ಮೇಲೆ ಹಿತವಾಗಿದ್ದ ಗಾಳಿ ಬುಡಕ್ಕೆ ಬರುವಷ್ಟರಲ್ಲಿ ಸುಡುಗಾಳಿಯಾಗಿರುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಸಾಂತಾ ಆನಾ ಗಾಳಿ ಇದೇ ಜಾತಿಯದು. ಅದು ಬೀಸುವಾಗ ಕಾಳ್ಗಿಚ್ಚಿನ ಭಯವೂ ಇರುತ್ತದೆ. ಗಾಳಿ ತೀರಾ ಒಣಗಿದ್ದರೆ ಒಣಹುಲ್ಲು, ತರಗೆಲೆಗೆ ಕಿಡಿ ಹತ್ತಲು ಹೊತ್ತು ಬೇಕಿಲ್ಲ.

ಓದುವಾಗ ಒಂದು ಎಚ್ಚರ. ‘ಪಶ್ಚಿಮ ಗಾಳಿ’ ಅಂದರೆ ಪಶ್ಚಿಮದಿಂದ ಬರುವ ಗಾಳಿ. ಆದರೆ ಆ್ಯಪ್‌ನ ಬಾಣದ ಗುರುತು ಸಾಮಾನ್ಯವಾಗಿ ಗಾಳಿ ಹೋಗುವ ಕಡೆ ತಿರುಗಿರುತ್ತದೆ. ಒಮ್ಮೆ ಕಿಟಕಿಯಾಚೆ ನೋಡಿ, ನಿಮ್ಮ ಆ್ಯಪ್ ಯಾವುದನ್ನು ತೋರಿಸುತ್ತದೆ ಅಂತ ತಾಳೆ ಹಾಕಿಕೊಳ್ಳಿ. ವೇಗ ನಾಟ್‌ನಲ್ಲಿದ್ದರೆ 1.85ರಿಂದ ಗುಣಿಸಿ, ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ.

ಈ ಹಂತ ಮುಗಿಯುವ ಹೊತ್ತಿಗೆ ಮುಂದಿನ ನಾಲ್ಕೈದು ದಿನಗಳ ಎದುರು ‘ಗಾಳಿ ಬೇಗ’, ‘ಗಾಳಿ ತಡ’, ‘ಗಾಳಿ ಇಲ್ಲ’ ಎಂದು ಬರೆದುಕೊಂಡಿರಬೇಕು.

4. ಸೆಕೆಯ ನಿಜವಾದ ಅಂಕಿ: ಡ್ಯೂ ಪಾಯಿಂಟ್

ತೇವಾಂಶ ಶೇ. 90 ಅಂತ ಬೆಳಿಗ್ಗೆ ನೋಡಿ ಹೆದರುವವರಿದ್ದಾರೆ. ಮಧ್ಯಾಹ್ನ ಶೇ. 60 ಆದಾಗ ಸೆಕೆ ಇಳಿಯಿತು ಅಂದುಕೊಳ್ಳುವವರೂ ಇದ್ದಾರೆ. ಶೇಕಡಾವಾರು ತೇವಾಂಶ ಬಹಳ ಮೋಸದ ಅಂಕಿ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಹಿಡಿಸುವ ನೀರಾವಿ ಜಾಸ್ತಿ. ಹಾಗಾಗಿ ಗಾಳಿಯಲ್ಲಿರುವ ನೀರು ಒಂದು ಹನಿಯೂ ಕಡಿಮೆಯಾಗದೆ ಶೇಕಡಾ ಮಾತ್ರ ಇಳಿಯುತ್ತದೆ.

ಇದಕ್ಕೆ ಬದಲು ಡ್ಯೂ ಪಾಯಿಂಟ್, ಅಂದರೆ ಇಬ್ಬನಿ ಬಿಂದು ನೋಡಿ. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರಲ್ಲಿರುವ ಆವಿ ನೀರಾಗಿ ಇಳಿಯುತ್ತದೆ ಅನ್ನುವ ತಾಪಮಾನ ಇದು. ಇದು ಗಾಳಿಯಲ್ಲಿ ನಿಜವಾಗಿ ಎಷ್ಟು ನೀರಿದೆ ಅಂತ ಹೇಳುತ್ತದೆ, ಬಿಸಿಲೇರಿದ ಮಾತ್ರಕ್ಕೆ ಬದಲಾಗುವುದಿಲ್ಲ. ಒಂದು ಲೆಕ್ಕ ನೋಡಿ. ಡ್ಯೂ ಪಾಯಿಂಟ್ 25 ಇರುವ ದಿನ, ಬೆಳಗಿನ ಜಾವ 26 ಡಿಗ್ರಿ ಇದ್ದಾಗ ತೇವಾಂಶ ಶೇ. 94. ಮಧ್ಯಾಹ್ನ 33 ಡಿಗ್ರಿ ಆದಾಗ ಅದೇ ಗಾಳಿಯ ತೇವಾಂಶ ಶೇ. 63. ಬೆವರು ಆರುವ ಕಷ್ಟ ಮಾತ್ರ ಹಾಗೇ ಇದೆ.

ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ. ಡ್ಯೂ ಪಾಯಿಂಟ್ 16ಕ್ಕಿಂತ ಕಡಿಮೆ ಇದ್ದರೆ ಗಾಳಿ ಒಣ, ಹಿತ. 20 ದಾಟಿದರೆ ಅಂಟು ಅಂಟು ಶುರು. 24 ದಾಟಿದರೆ ಚೆನ್ನಾಗಿ ಸೆಕೆ. ಉಷ್ಣವಲಯದ ಕರಾವಳಿಯಲ್ಲಿ ಬೇಸಿಗೆಯ ಮಾಮೂಲಿ ಸ್ಥಿತಿ ಇದೇ, ಅಲ್ಲಿನ ಜನಕ್ಕೆ ಅಭ್ಯಾಸವೂ ಇರುತ್ತದೆ. 27ಕ್ಕೆ ಬಂದರೆ ಅಭ್ಯಾಸ ಇರುವವರೂ ಏದುಸಿರು ಬಿಡುತ್ತಾರೆ. ಇದು ಎಲ್ಲಿಯವರೆಗೆ ಹೋಗಬಹುದು ಅಂದರೆ, ಪರ್ಷಿಯನ್ ಕೊಲ್ಲಿಯ ತೀರದಲ್ಲಿರುವ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ 2003ರ ಜುಲೈ 8ರಂದು ಡ್ಯೂ ಪಾಯಿಂಟ್ 35 ಎಂದು ದಾಖಲಾಗಿತ್ತು. ಆಗ ತಾಪಮಾನ 42.

ತಾಪಮಾನ ಮತ್ತು ತೇವ ಎರಡನ್ನೂ ಸೇರಿಸಿ ಆ್ಯಪ್‌ಗಳು ‘ಅನುಭವಕ್ಕೆ ಬರುವ ತಾಪಮಾನ’ ಅಂತ ಇನ್ನೊಂದು ಅಂಕಿ ಕೊಡುತ್ತವೆ. ಅಮೆರಿಕದ ಹೀಟ್ ಇಂಡೆಕ್ಸ್ 1979ರಲ್ಲಿ ರಾಬರ್ಟ್ ಸ್ಟೆಡ್‌ಮನ್ ಮಾಡಿದ ಕೆಲಸದಿಂದ ಬಂದದ್ದು. ಅದರ ಪ್ರಕಾರ ಮೇಲಿನ ಉದಾಹರಣೆಯ 33 ಡಿಗ್ರಿ ಸುಮಾರು 41ರಂತೆ ಅನಿಸುತ್ತದೆ. ಅದೇ ಒಳನಾಡಿನಲ್ಲಿ 38 ಡಿಗ್ರಿ ಇದ್ದು ತೇವಾಂಶ ಬರೀ ಶೇ. 20 ಇದ್ದರೆ ಅನುಭವಕ್ಕೆ ಬರುವುದು ಸುಮಾರು 37. ತೀರದವರು ಒಳನಾಡಿನವರಿಗೆ ‘ನಿಮ್ಮ 38ಕ್ಕಿಂತ ನಮ್ಮ 33 ಕಷ್ಟ’ ಅಂದರೆ ಸುಮ್ನೆ ಹೇಳುವ ಮಾತಲ್ಲ.

ಆದರೆ ಈ ಲೆಕ್ಕ ನೆರಳಲ್ಲಿ ಇರುವವರಿಗೆ. ನೇರ ಬಿಸಿಲಲ್ಲಿ ನಿಂತರೆ ಇದಕ್ಕೆ ಇನ್ನೂ 8 ಡಿಗ್ರಿಯವರೆಗೆ ಸೇರಬಹುದು. ಬಿಸಿಲಲ್ಲೇ ಕೆಲಸ ಮಾಡುವವರು ಆ್ಯಪ್‌ನ ಅಂಕಿಗೆ ಇದನ್ನು ಕೂಡಿಸಿಕೊಂಡೇ ಯೋಚಿಸಬೇಕು. ಒಂದೊಂದು ದೇಶ, ಒಂದೊಂದು ಆ್ಯಪ್ ಒಂದೊಂದು ಸೂತ್ರ ಬಳಸುವುದರಿಂದ ಎರಡು ಆ್ಯಪ್‌ಗಳ ಈ ಅಂಕಿಯನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಒಂದನ್ನೇ ಹಿಡಿದು ದಿನದಿಂದ ದಿನಕ್ಕೆ ಏನಾಗುತ್ತಿದೆ ನೋಡಿ.

ಕಡಲಗಾಳಿಗೂ ಇದಕ್ಕೂ ಒಂದು ನಂಟಿದೆ. ಕಡಲಗಾಳಿ ಬಂದಾಗ ತಾಪಮಾನ ಇಳಿಯುತ್ತದೆ, ಡ್ಯೂ ಪಾಯಿಂಟ್ ಏರುತ್ತದೆ. ಗಾಳಿ ಬೀಸುತ್ತಿರುವಷ್ಟು ಹೊತ್ತು ಬೆವರು ಆರುವುದರಿಂದ ಹಿತ. ಸಂಜೆ ಗಾಳಿ ಬಿದ್ದರೆ ತಂದ ತೇವ ಅಲ್ಲೇ ಉಳಿಯುತ್ತದೆ. ಸೂರ್ಯ ಮುಳುಗಿದ ಮೇಲೆಯೇ ಸೆಕೆ ಹೆಚ್ಚಾಯಿತು ಅನ್ನಿಸುವುದು ಇದಕ್ಕೇ. ಸಂಜೆಯ ಆಟ, ನಡಿಗೆ, ಸಭೆ ಇಟ್ಟುಕೊಳ್ಳುವಾಗ 7 ಗಂಟೆಯ ಗಾಳಿಯ ವೇಗ ನೋಡಿಕೊಳ್ಳಿ.

5. ರಾತ್ರಿಯ ಅಂಕಿಯನ್ನು ಬಿಡಬೇಡಿ

ಮುನ್ಸೂಚನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಕನಿಷ್ಠ ತಾಪಮಾನವನ್ನು ಯಾರೂ ನೋಡುವುದಿಲ್ಲ. ನನ್ನ ಮಟ್ಟಿಗೆ ವಯಸ್ಸಾದವರು, ಮಕ್ಕಳು, ಹೃದಯದ ತೊಂದರೆ ಇರುವವರು ಇರುವ ಮನೆಯಲ್ಲಿ ಗರಿಷ್ಠಕ್ಕಿಂತ ಇದೇ ಮುಖ್ಯ. ಹಗಲಿನ ಬಿಸಿಗೆ ಬಳಲಿದ ದೇಹ ಸುಧಾರಿಸಿಕೊಳ್ಳುವುದು ರಾತ್ರಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ನೆಲದ ಶಾಖ ಬೇಗ ಆರುವುದಿಲ್ಲ. ತಾಪಮಾನ ಡ್ಯೂ ಪಾಯಿಂಟಿನ ಹತ್ತಿರ ಬಂದು ನಿಂತುಬಿಡುತ್ತದೆ. ಡ್ಯೂ ಪಾಯಿಂಟ್ 27 ಇದ್ದರೆ ಬೆಳಗಿನ ಜಾವವೂ 27ಕ್ಕಿಂತ ಕೆಳಗಿಳಿಯುವುದು ಕಷ್ಟ.

ಇಂಥ ರಾತ್ರಿ ಒಂದು ಬಂದರೆ ತಡೆದುಕೊಳ್ಳಬಹುದು. ಸಾಲಾಗಿ ಮೂರು ನಾಲ್ಕು ಬರುವಂತಿದ್ದರೆ ವಾರದ ಭಾರದ ಕೆಲಸಗಳನ್ನು ಮೊದಲ ಎರಡು ದಿನಕ್ಕೆ ಎಳೆದುಕೊಳ್ಳಿ, ಆಮೇಲಿನ ದಿನಗಳನ್ನು ಹಗುರ ಮಾಡಿ. ಹೊಸದಾಗಿ ಕರಾವಳಿಗೆ ಬಂದವರಿಗೆ ಒಂದರಿಂದ ಎರಡು ವಾರ ದೇಹ ಒಗ್ಗಿಕೊಳ್ಳಲು ಬೇಕು. ಮೊದಲ ದಿನವೇ ಊರಿನವರ ಜೊತೆ ಸಮಕ್ಕೆ ಬಿಸಿಲಲ್ಲಿ ದುಡಿಯಲು ಹೋಗಬಾರದು. ಫ್ಯಾನ್ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ನೆನಪಿಡಿ: ಕೋಣೆಯ ತಾಪಮಾನ 40ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಫ್ಯಾನ್. ಅದಕ್ಕಿಂತ ಮೇಲೆ ಹೋದರೆ ಅದು ಬಿಸಿಗಾಳಿಯನ್ನೇ ಮೈಮೇಲೆ ತಳ್ಳುತ್ತದೆ. ಸುಡು ನೆಲಗಾಳಿಯ ದಿನ ಈ ಮಾತು ಬೇಕಾಗುತ್ತದೆ.

ಯಾರಾದರೂ ಬಿಸಿಲಲ್ಲಿ ಬಳಲಿ ಗೊಂದಲದ ಮಾತಾಡತೊಡಗಿದರೆ, ತೂರಾಡಿದರೆ, ಪ್ರಜ್ಞೆ ತಪ್ಪಿದರೆ ಅದು ಬರೀ ಸುಸ್ತಲ್ಲ. ತಕ್ಷಣ ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ, ಆಸ್ಪತ್ರೆಗೆ ಸಾಗಿಸಿ.

6. ಮಳೆಯ ಶೇಕಡಾ ಮತ್ತು ಗುಡುಗು

‘ಮಳೆ ಸಾಧ್ಯತೆ ಶೇ. 40’ ಅಂದರೆ ದಿನದ ಶೇ. 40ರಷ್ಟು ಹೊತ್ತು ಮಳೆ ಅಂತಲ್ಲ. ನಿಮ್ಮ ಜಾಗದಲ್ಲಿ ಆ ಅವಧಿಯೊಳಗೆ ಅಳೆಯುವಷ್ಟಾದರೂ ಮಳೆ ಬೀಳುವ ಸಾಧ್ಯತೆ ಹತ್ತರಲ್ಲಿ ನಾಲ್ಕು ಅಂತ. ಎಷ್ಟು ಮಳೆ ಅನ್ನುವುದನ್ನು ಅದು ಹೇಳುವುದಿಲ್ಲ, ಮಿಲಿಮೀಟರ್ ಅಂಕಿ ಬೇರೆಯೇ ನೋಡಬೇಕು.

ಬೇಸಿಗೆಯಲ್ಲಿ ಕರಾವಳಿಯ ಗುಡುಗು ಮಳೆಗೂ ಕಡಲಗಾಳಿಯೇ ಎಷ್ಟೋ ಸಲ ಕಾರಣ. ಒಳಗೆ ನುಗ್ಗಿದ ತಂಪು ಗಾಳಿಯ ಮುಂಚೂಣಿ ಕಾದ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ. ಅಲ್ಲಿ ಮೋಡ ಕಟ್ಟುತ್ತದೆ. ಫ್ಲಾರಿಡಾದಲ್ಲಿ ಎರಡೂ ತೀರಗಳಿಂದ ಬಂದ ಕಡಲಗಾಳಿಗಳು ನಡುನಾಡಿನಲ್ಲಿ ಸೇರಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗಿನ ಮೋಡ ಏಳಿಸುತ್ತವೆ. ಆದ್ದರಿಂದ ತೀರದಲ್ಲಿ ಬಿಸಿಲಿದ್ದು ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಜೋರು ಮಳೆ ಆಗಬಹುದು. ಈ ಮೋಡಗಳು ನಿಖರವಾಗಿ ಎಲ್ಲಿ ಏಳುತ್ತವೆ ಅಂತ ಮೂರು ದಿನ ಮುಂಚೆ ಯಾರಿಂದಲೂ ಹೇಳಲಾಗದು. ವಾರದ ಮುನ್ಸೂಚನೆಯಿಂದ ‘ಈ ದಿನ ಮಧ್ಯಾಹ್ನದ ಮೇಲೆ ಗುಡುಗು ಇರಬಹುದು’ ಅಂತ ಗುರುತು ಹಾಕಿ. ಆ ದಿನ ಬಂದಾಗ ರೇಡಾರ್ ಚಿತ್ರ ನೋಡಿ.

ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡ್‌ಗಳನ್ನು ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗುತ್ತದೆ. ಮರಳ ದಂಡೆಯಲ್ಲಿ, ದೋಣಿಯಲ್ಲಿ ಇರುವವರು ಈ ಲೆಕ್ಕ ಹಾಕುತ್ತಾ ನಿಲ್ಲಬೇಡಿ. ಗುಡುಗು ಕೇಳಿಸಿತು ಅಂದರೆ ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆಯೇ ಹೊರಗೆ ಬನ್ನಿ.

7. ಕಡಲಿಗೆ ಇಳಿಯುವವರು ಇನ್ನೊಂದು ಪುಟ ತೆರೆಯಬೇಕು

ಊರಿನ ಮುನ್ಸೂಚನೆಯಲ್ಲಿ ಕಡಲಿನ ವಿಷಯ ಇರುವುದಿಲ್ಲ. ಆಕಾಶ ತಿಳಿಯಾಗಿದ್ದರೂ ಕಡಲು ಕೆರಳಿರಬಹುದು. ಅದಕ್ಕೆ ಅಲೆಗಳ ಮುನ್ಸೂಚನೆಯನ್ನೇ ನೋಡಬೇಕು, ಅದರಲ್ಲಿ ಮೂರು ಅಂಕಿ.

ಮೊದಲನೆಯದು ಅಲೆಯ ಎತ್ತರ. ಅಲ್ಲಿ ಕೊಡುವುದು ಎಲ್ಲ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಭಾಗದ ಸರಾಸರಿ. ಅಂದರೆ 1.5 ಮೀಟರ್ ಅಂತಿದ್ದರೆ ನಡುನಡುವೆ ಒಂದೊಂದು ಅಲೆ ಸುಮಾರು 3 ಮೀಟರಿನದೂ ಬರಬಹುದು. ಎರಡನೆಯದು ಅಲೆಗಳ ನಡುವಿನ ಸೆಕೆಂಡ್. 5–6 ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು. 14 ಸೆಕೆಂಡ್ ದಾಟಿದರೆ ಎಲ್ಲೋ ದೂರದ ಬಿರುಗಾಳಿಯದು. ಎತ್ತರ ಕಡಿಮೆ ಕಂಡರೂ ಅದರೊಳಗೆ ಶಕ್ತಿ ಬಹಳ. ಭಾರತದ ಪಶ್ಚಿಮ ತೀರದಲ್ಲಿ, ಅದರಲ್ಲೂ ಕೇರಳದಲ್ಲಿ, ಏಪ್ರಿಲ್–ಮೇ ಹೊತ್ತಿಗೆ ಒಮ್ಮೊಮ್ಮೆ ಗಾಳಿಯೇ ಇಲ್ಲದೆ ಕಡಲು ಉಕ್ಕಿ ದಡಕ್ಕೆ ಏರುತ್ತದೆ. ಅಲ್ಲಿನವರು ಅದನ್ನು ‘ಕಳ್ಳಕ್ಕಡಲ್’ ಅನ್ನುತ್ತಾರೆ. ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ, ಹಿಂದೂ ಮಹಾಸಾಗರದ ಕೆಳತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಬಂದು ತಲುಪುವುದು ಹೀಗೆ. ಕಡಲಿನ ಮಾಹಿತಿ ಕೊಡುವ ಸರ್ಕಾರಿ ಕೇಂದ್ರ, ಹೈದರಾಬಾದಿನ ಇನ್‌ಕಾಯ್ಸ್, ಇದಕ್ಕೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ.

ಮೂರನೆಯದು ಉಬ್ಬರ ಇಳಿತದ ಹೊತ್ತು. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಸೋಮವಾರ ಬೆಳಿಗ್ಗೆ 8ಕ್ಕೆ ಉಬ್ಬರ ಇದ್ದರೆ ಶುಕ್ರವಾರ ಅದು 11 ಗಂಟೆ ದಾಟಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ಆ ದಿನಗಳಿಗೆ ದೊಡ್ಡ ಅಲೆಯೂ ಸೇರಿದರೆ ತಗ್ಗಿನ ದಾರಿ, ದಂಡೆಯ ಮನೆಗಳ ಬುಡಕ್ಕೆ ನೀರು ಬರುತ್ತದೆ. ವಾರದ ಹಾಳೆಯಲ್ಲಿ ಇದನ್ನು ಕೆಂಪು ಶಾಯಿಯಲ್ಲೇ ಬರೆಯಿರಿ.

ಈಜುವವರಿಗೆ ಅಪಾಯ ಅಲೆಗಿಂತ ಸೆಳೆತದ್ದು. ದಡಕ್ಕೆ ಬಂದ ನೀರು ಒಂದು ಕಿರಿದಾದ ಜಾಗದಲ್ಲಿ ಕಡಲಿನ ಕಡೆ ಹಿಂದಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಮುರಿಯುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ‘ಇಲ್ಲಿ ಅಲೆ ಕಡಿಮೆ’ ಅಂತ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ಅದಕ್ಕೆ ಎದುರಾಗಿ ದಡದ ಕಡೆ ಈಜಬೇಡಿ. ತೇಲುತ್ತಾ ಕೈ ಬೀಸಿ ಸಹಾಯ ಕೇಳಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಬಂದು, ಆಮೇಲೆ ದಡಕ್ಕೆ ಬನ್ನಿ.

8. ಬಿಸಿಲಿನ ಅಂಕಿ

ಇದಕ್ಕೆ ಒಂದೇ ನಿಮಿಷ ಸಾಕು. ಯುವಿ ಇಂಡೆಕ್ಸ್, ಅಂದರೆ ಚರ್ಮ ಸುಡುವ ಅತಿನೇರಳೆ ಕಿರಣಗಳ ಅಳತೆ, 3 ದಾಟಿದರೆ ಟೋಪಿ, ನೆರಳು ಬೇಕು. 8ರಿಂದ 10 ಬಹಳ ಜಾಸ್ತಿ, 11 ಮತ್ತು ಮೇಲೆ ವಿಪರೀತ. ಕಡಲಗಾಳಿ ತಂಪಾಗಿ ಬೀಸುವಾಗ ಚರ್ಮ ಸುಡುವುದು ಗೊತ್ತೇ ಆಗುವುದಿಲ್ಲ. ತೆಳು ಮೋಡ ಈ ಕಿರಣಗಳನ್ನು ತಡೆಯುವುದೂ ಇಲ್ಲ, ಮರಳು ಮತ್ತು ನೊರೆ ಅದನ್ನು ಕೆಳಗಿನಿಂದಲೂ ಎರಚುತ್ತವೆ. ಫೋನ್ ಇಲ್ಲದಿದ್ದರೆ ನೆರಳು ನೋಡಿ: ನಿಮ್ಮ ನೆರಳು ನಿಮಗಿಂತ ಗಿಡ್ಡಗಿದ್ದರೆ ಬಿಸಿಲು ಜೋರಿದೆ.

9. ಬಣ್ಣದ ಎಚ್ಚರಿಕೆಗಳು

ಆ್ಯಪ್ ಎಷ್ಟೇ ಚೆನ್ನಾಗಿರಲಿ, ಎಚ್ಚರಿಕೆಯ ವಿಷಯದಲ್ಲಿ ಆಯಾ ದೇಶದ ಹವಾಮಾನ ಇಲಾಖೆಯ ಮಾತೇ ಕೊನೆಯದು. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ಭಾರತದ ಇಲಾಖೆಯೂ ಇದೇ ಕ್ರಮ ಪಾಲಿಸುತ್ತದೆ.

ಕರಾವಳಿಗೆ ಬಿಸಿಗಾಳಿಯ ಅಳತೆಯೂ ಬೇರೆ. ಭಾರತದಲ್ಲಿ ಬಯಲಿಗೆ 40 ಡಿಗ್ರಿ, ಗುಡ್ಡಗಾಡಿಗೆ 30 ಎಂದು ಇಟ್ಟಿದ್ದರೆ, ತೀರದ ಕೇಂದ್ರಗಳಲ್ಲಿ ಗರಿಷ್ಠ 37 ಮುಟ್ಟಿ, ಜೊತೆಗೆ ಆ ದಿನದ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇದ್ದರೆ ಬಿಸಿಗಾಳಿ ಎಂದು ಪರಿಗಣಿಸುತ್ತಾರೆ. ‘ಬರೀ 37 ಅಲ್ವಾ’ ಅಂತ ಒಳನಾಡಿನ ಕಣ್ಣಿನಿಂದ ನೋಡಬಾರದು ಅನ್ನುವುದು ಇದಕ್ಕೇ. ಇನ್ನು ಮುಂಗಾರಿಗೆ ಮುಂಚಿನ ವಾರಗಳಲ್ಲಿ ಕಡಲಿನ ಮೇಲ್ಮೈ ನೀರು 26.5 ಡಿಗ್ರಿಗಿಂತ ಬಿಸಿಯಿದ್ದು ವಾಯುಭಾರ ಕುಸಿತದ ಸುದ್ದಿ ಬಂದರೆ, ಮೇಲಿನ ಎಲ್ಲ ಲೆಕ್ಕ ಪಕ್ಕಕ್ಕಿಡಿ. ಚಂಡಮಾರುತದ ಪ್ರಕಟಣೆಯನ್ನಷ್ಟೇ ಅನುಸರಿಸಿ.

10. ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ

ಓದಿದ್ದನ್ನು ಬರೆದಿಡದಿದ್ದರೆ ಬುಧವಾರದ ಹೊತ್ತಿಗೆ ಮರೆತುಹೋಗಿರುತ್ತದೆ. ದಿನಕ್ಕೊಂದು ಸಾಲು ಸಾಕು. ಪಶ್ಚಿಮಕ್ಕೆ ಕಡಲಿರುವ ಆ ತೀರದ ಒಂದು ಕಾಲ್ಪನಿಕ ವಾರ ಹೀಗಿರಬಹುದು:

ಸೋಮ: ಗಾಳಿ ಬೇಗ (11ಕ್ಕೆ). ಡ್ಯೂ ಪಾಯಿಂಟ್ 24. ಹೊರಗಿನ ಕೆಲಸ ಮುಗಿಸಿಕೊಳ್ಳಬಹುದು.
ಮಂಗಳ: ಹಾಗೇ. ರಾತ್ರಿ 26.
ಬುಧ: ಪೂರ್ವ ಗಾಳಿ ಜೋರು, ಕಡಲಗಾಳಿ 3ರ ಮೇಲೆ. ತೀರದಲ್ಲೇ 37 ಆಗಬಹುದು. ಹನ್ನೆರಡರಿಂದ ಮೂರು ಹೊರಗೆ ಬೇಡ.
ಗುರು: ಗಾಳಿ ಇಲ್ಲ. ಡ್ಯೂ ಪಾಯಿಂಟ್ 27, ರಾತ್ರಿಯೂ 28. ವಾರದ ಕಷ್ಟದ ದಿನ. ಅಜ್ಜಿಗೆ ದಿನದಲ್ಲಿ ಎರಡು ಸಲ ಫೋನ್ ಮಾಡುವುದು.
ಶುಕ್ರ: ಮಧ್ಯಾಹ್ನದ ಮೇಲೆ ಒಳಗಿನ ಊರುಗಳಲ್ಲಿ ಗುಡುಗು. ದೂರದ ಅಲೆ 15 ಸೆಕೆಂಡ್, ಅಂದೇ ಹುಣ್ಣಿಮೆ. ಕಡಲಿಗೆ ಇಳಿಯುವುದಿಲ್ಲ.
ಶನಿ, ಭಾನು: ಸೆಕೆ ಇಳಿಯುವ ಲಕ್ಷಣ. ಗುರುವಾರ ಮತ್ತೆ ನೋಡುವುದು.

ಆ್ಯಪ್‌ನ ಮುಖಪುಟದಲ್ಲಿ ಈ ಏಳೂ ದಿನಕ್ಕೆ ಸೂರ್ಯನ ಚಿತ್ರ, 33 ಅಥವಾ 34 ಅಂತಲೇ ಇದ್ದಿರಬಹುದು. ಬುಧವಾರದ 37 ಕೂಡ ಅಲ್ಲಿ ಮೊದಲೇ ಕಾಣದೆ, ದಿನ ಹತ್ತಿರ ಬಂದ ಮೇಲಷ್ಟೇ ಕಾಣಿಸಬಹುದು. ದೊಡ್ಡ ಚೌಕದ ಮಾದರಿಗಳು ಕಡಲಗಾಳಿ ಬರುವ ಹೊತ್ತನ್ನು ಆಗಾಗ ತಪ್ಪುತ್ತವೆ.

11. ವಾರದ ನಡುವೆ ಮತ್ತೆ ನೋಡಿ, ತಪ್ಪಿದ್ದನ್ನು ಬರೆದಿಡಿ

ಜಾಗತಿಕ ಮಾದರಿಗಳು ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಹಾಕುತ್ತವೆ. ಪ್ರತಿ ಸಲ ಅಂಕಿ ಒಂದಿಷ್ಟು ಕುಣಿಯುತ್ತದೆ. ಗಂಟೆಗೊಮ್ಮೆ ಆ್ಯಪ್ ತೆರೆದು ನೋಡುವುದರಿಂದ ತಲೆನೋವು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ದಿನಕ್ಕೊಮ್ಮೆ, ರಾತ್ರಿ, ಮರುದಿನದ ಗಂಟೆಗಂಟೆಯ ಗಾಳಿ ನೋಡಿ. ಬುಧವಾರ ಅಥವಾ ಗುರುವಾರ ಉಳಿದ ವಾರದ ಸಾಲುಗಳನ್ನು ತಿದ್ದಿ. ಚಾರ್ಟುಗಳಲ್ಲಿ ಸಮಯ ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ) ಎಂದಿದ್ದರೆ ನಿಮ್ಮ ಸಮಯಕ್ಕೆ ಬದಲಿಸಿಕೊಳ್ಳಲು ಮರೆಯಬೇಡಿ. ಭಾರತದಲ್ಲಾದರೆ ಐದೂವರೆ ಗಂಟೆ ಕೂಡಿಸಬೇಕು.

ಇನ್ನೊಂದು ಕಾಲಂ ಇಟ್ಟುಕೊಂಡು ನಿಜವಾಗಿ ಏನಾಯಿತು ಅಂತ ಬರೆಯಿರಿ: ಗಾಳಿ ಎಷ್ಟಕ್ಕೆ ತಿರುಗಿತು, ಗರಿಷ್ಠ ಎಷ್ಟಾಯಿತು. ಮೂರು ನಾಲ್ಕು ವಾರಕ್ಕೆ ಒಂದು ರೂಢಿ ಕಾಣಿಸುತ್ತದೆ. ನಿಮ್ಮ ಆ್ಯಪ್ ಕಡಲಗಾಳಿಯನ್ನು ಯಾವಾಗಲೂ ಒಂದು ಗಂಟೆ ಮುಂಚೆ ತರುತ್ತಿರಬಹುದು, ಅಥವಾ ಪೂರ್ವ ಗಾಳಿಯ ದಿನ ಎರಡು ಡಿಗ್ರಿ ಕಡಿಮೆ ಹೇಳುತ್ತಿರಬಹುದು. ಆಮೇಲೆ ಅಂಥ ದಿನ ಅದು 35 ಅಂದರೆ ನೀವು 37 ಅಂತ ಬರೆದುಕೊಂಡರಾಯಿತು.